15 ನಿಮಿಷದಲ್ಲಿ 31 ಕಿಲೋಮೀಟರ್: ಒಂದು ಕ್ರೈಂ ಸಾಕ್ಷ್ಯಚಿತ್ರದ ಪ್ರಕರಣ ಅಧ್ಯಯನ

ಸೆಷನ್ಸ್ ನ್ಯಾಯಾಲಯದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಒಂದು ಕೊಲೆ ಪ್ರಕರಣದ ಬಗ್ಗೆ ನಾಲ್ಕು ಜನರ ಸಣ್ಣ ತಂಡವೊಂದು ಕನ್ನಡದಲ್ಲಿ ಮೂರು ಕಂತಿನ ಸಾಕ್ಷ್ಯಚಿತ್ರ ಮಾಡಲು ಹೊರಟಿತು. ನಿರ್ದೇಶಕಿ, ಸಂಕಲನಕಾರ, ಸಂಶೋಧಕ, ಜೊತೆಗೊಬ್ಬ ಕಾನೂನು ಸಲಹೆಗಾರರು. ಕೊಲೆ ಹೇಗಾಯಿತು ಎನ್ನುವುದಕ್ಕಿಂತ ತಂಡ ಎಲ್ಲೆಲ್ಲಿ ಎಡವಿತು, ಯಾವ ತೀರ್ಮಾನವನ್ನು ಯಾವ ಕಾರಣಕ್ಕೆ ಬದಲಿಸಿತು ಎಂಬುದೇ ಈ ಬರಹದ ವಿಷಯ. ಹೆಸರು, ಊರು ಕೊಟ್ಟಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

2016ರ ಮಾರ್ಚ್. ತಾಲ್ಲೂಕು ಕೇಂದ್ರವೊಂದರ ಹೊರವಲಯದಲ್ಲಿ ಒಂಟಿಯಾಗಿ ವಾಸವಿದ್ದ 68 ವರ್ಷದ ಮಹಿಳೆಯ ಕೊಲೆಯಾಯಿತು. ಕತ್ತಿನ ಸರ, ಕೈಯ ಎರಡು ಬಳೆ ಕಾಣೆಯಾಗಿದ್ದವು. ಆರನೇ ದಿನ ಅದೇ ಬಡಾವಣೆಯ 27 ವರ್ಷದ ಗೂಡ್ಸ್ ಆಟೊ ಚಾಲಕನನ್ನು ಪೊಲೀಸರು ದಸ್ತಗಿರಿ ಮಾಡಿದರು. 2019ರಲ್ಲಿ ಭಾರತ ದಂಡ ಸಂಹಿತೆಯ 302 (ಕೊಲೆ) ಮತ್ತು 392ನೇ (ಸುಲಿಗೆ) ಕಲಂಗಳಡಿ ಶಿಕ್ಷೆಯಾಯಿತು. ಹೈಕೋರ್ಟಿನಲ್ಲಿ ಮೇಲ್ಮನವಿ ದಾಖಲಾಗಿತ್ತು.

ಕಣ್ಣಾರೆ ಕಂಡ ಸಾಕ್ಷಿ ಯಾರೂ ಇರಲಿಲ್ಲ. ಕೇಸು ಐದು ಕೊಂಡಿಗಳ ಮೇಲೆ ನಿಂತಿತ್ತು. ಸಂಜೆ ಆ ಮನೆಯ ಬಳಿ ಚಾಲಕನನ್ನು ಕಂಡೆ ಎಂದ ಅಂಗಡಿಯವನು, ಚಾಲಕನಿಗಿದ್ದ ಸಾಲ, ಮೋರಿಯ ಕೆಳಗಿಂದ ಅವನೇ ತೋರಿಸಿಕೊಟ್ಟ ಎನ್ನಲಾದ ಮಚ್ಚು, ಗಿರವಿ ಅಂಗಡಿಯಲ್ಲಿ ಸಿಕ್ಕ ಬಳೆಗಳು, ಅವನ ಮೊಬೈಲಿನ ಸಿಡಿಆರ್, ಅಂದರೆ ಕರೆ ವಿವರಗಳ ದಾಖಲೆ. ಮಚ್ಚಿನ ಮೇಲೆ ಇದ್ದದ್ದು ಮನುಷ್ಯರ ರಕ್ತ ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು, ಗುಂಪು ಯಾವುದೆಂದು ಹೇಳಲಾಗಲಿಲ್ಲ. ಸರ ಸಿಗಲೇ ಇಲ್ಲ.

ಸಾಂದರ್ಭಿಕ ಸಾಕ್ಷ್ಯದ ಕೇಸಿಗೆ ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ದಿಚಂದ್ ಸಾರ್ದಾ ತೀರ್ಪಿನಲ್ಲಿ ಐದು ಸೂತ್ರಗಳನ್ನು ಕೊಟ್ಟಿದೆ. ಒಂದೊಂದು ಸಂದರ್ಭವೂ ತಾನಾಗಿ ಪೂರ್ತಿ ಸಾಬೀತಾಗಿರಬೇಕು, ಎಲ್ಲ ಸೇರಿದ ಸರಪಳಿ ಆರೋಪಿಯ ತಪ್ಪನ್ನು ಬಿಟ್ಟು ಬೇರೆ ಯಾವ ಊಹೆಗೂ ಜಾಗ ಕೊಡಬಾರದು. ಅಂದರೆ ಐದು ಅರೆಬರೆ ಕೊಂಡಿ ಸೇರಿ ಒಂದು ಗಟ್ಟಿ ಸರಪಳಿ ಆಗುವುದಿಲ್ಲ. ತಂಡಕ್ಕೆ ಈ ಮಾತು ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಮೊದಲ ಕಟ್

2022ರ ಜನವರಿಗೆ 52 ನಿಮಿಷದ ಮೊದಲ ಕಂತು ಸಿದ್ಧವಾಯಿತು. ಚಾಲಕನ ತಾಯಿ ಅಳುವುದರಿಂದ ಶುರು, ಮೃತರ ಸಂಬಂಧಿಯೊಬ್ಬನ ಆಸ್ತಿ ತಗಾದೆಯ ಸುಳಿವಿನೊಂದಿಗೆ ಮುಕ್ತಾಯ. ಸಲಹೆಗಾರರು ಅದನ್ನು ನೋಡಿ ಮೂರು ಜಾಗದಲ್ಲಿ ನಿಲ್ಲಿಸಿದರು.

ಮೊದಲನೆಯದು ತಪ್ಪೊಪ್ಪಿಗೆಯ ದೃಶ್ಯ. ಪೊಲೀಸರು ಬರೆದುಕೊಂಡಿದ್ದ ಮೂರು ಪುಟದ ‘ಸ್ವಇಚ್ಛಾ ಹೇಳಿಕೆ’ಯನ್ನು ಹಿನ್ನೆಲೆ ದನಿಯಲ್ಲಿ ಓದಿಸಿ, ನಟನೊಬ್ಬನಿಂದ ಬಾಗಿಲು ತಟ್ಟಿಸಿ, ಮಚ್ಚು ಎತ್ತಿಸಿ ಚಿತ್ರೀಕರಿಸಲಾಗಿತ್ತು. ಉದ್ದೇಶ ‘ಪೊಲೀಸರ ಕಥೆ ಎಷ್ಟು ಅಸಂಬದ್ಧ ನೋಡಿ’ ಎಂದು ತೋರಿಸುವುದು. ಪರಿಣಾಮ ತದ್ವಿರುದ್ಧ. ಐದು ಜನರಿಗೆ ತೋರಿಸಿದಾಗ ನಾಲ್ವರು ‘ಇವನೇ ಮಾಡಿದ್ದು’ ಎಂದರು. ಕಣ್ಣೆದುರು ನಡೆದದ್ದನ್ನು ಮನಸ್ಸು ಆಮೇಲೆ ಅಳಿಸಿ ಹಾಕುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಗಿನ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೊರಗಿಟ್ಟಿತ್ತು, ಅದು ಒತ್ತಡ ಹೇರಿ ಪಡೆದದ್ದಿರಬಹುದು ಎಂಬ ಭಯಕ್ಕೆ. ಒಂದು ವಸ್ತು ಪತ್ತೆಯಾಗಲು ಕಾರಣವಾದ ಮಾತಿಗೆ ಮಾತ್ರ 27ನೇ ಕಲಂ ಸಣ್ಣ ಕಿಂಡಿ ಬಿಟ್ಟಿತ್ತು. ಆ ಕಿಂಡಿ ಎಷ್ಟು ಸಣ್ಣದೆಂದು ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠ) ಪುಲುಕೂರಿ ಕೊಟ್ಟಯ್ಯ ಪ್ರಕರಣದಲ್ಲೇ ಹೇಳಿದೆ: ವಸ್ತು ಎಲ್ಲಿದೆ, ಅದು ಅವನಿಗೆ ಗೊತ್ತಿತ್ತು, ಅಷ್ಟೇ. ‘ಅದರಿಂದಲೇ ಕೊಂದೆ’ ಎಂಬ ಮಾತು ಒಳಗೆ ಬರುವಂತಿಲ್ಲ. ಈ ಕೇಸಿನ ಮೂರು ಪುಟದಲ್ಲಿ ಒಳಗೆ ಬರಬಹುದಾದದ್ದು ಎರಡು ಸಾಲು. ನ್ಯಾಯಾಧೀಶರೂ ಓದಬಾರದ ಭಾಗವನ್ನು ತಂಡ ಸಂಗೀತ ಹಾಕಿ ತೋರಿಸಿತ್ತು.

ಎರಡನೆಯದು ನಕ್ಷೆ. ಕೆಂಪು ಚುಕ್ಕೆಯೊಂದು ಚಾಲಕನ ಮನೆಯಿಂದ ಹೊರಟು, ಮೃತರ ಮನೆಯ ಮುಂದೆ ನಿಂತು, ಮೋರಿಯ ಕಡೆ ಸಾಗುತ್ತಿತ್ತು. ಆಧಾರ ಸಿಡಿಆರ್‌ನ 11 ಸಾಲು. ಸಿಡಿಆರ್ ಸಾಲಿನಲ್ಲಿ ಇರುವುದು ಕರೆಯ ಹೊತ್ತು, ಅವಧಿ, ಎದುರು ನಂಬರು, ಕರೆ ಹಿಡಿದ ಸೆಲ್ ಐಡಿ (ಟವರಿನ ಯಾವ ಭಾಗ ಎಂಬ ಗುರುತು) ಮತ್ತು ಐಎಂಇಐ (ಹ್ಯಾಂಡ್‌ಸೆಟ್ಟಿನ ಗುರುತು ಸಂಖ್ಯೆ). ಎರಡು ಕರೆಗಳ ನಡುವೆ ಫೋನು ಎಲ್ಲಿತ್ತು ಎಂದು ಅದು ಹೇಳುವುದಿಲ್ಲ. ಟವರಿಗೆ ಸಾಮಾನ್ಯವಾಗಿ ಸುಮಾರು 120 ಡಿಗ್ರಿಯ ಮೂರು ಸೆಕ್ಟರ್ ಇರುತ್ತವೆ. ಬಯಲು ಪ್ರದೇಶದಲ್ಲಿ ಒಂದು ಸೆಕ್ಟರ್ ಹಲವು ಕಿಲೋಮೀಟರ್ ಹರಡಬಹುದು. ಚಾಲಕನ ಮನೆಗೂ ಮೃತರ ಮನೆಗೂ ಇದ್ದದ್ದು 900 ಮೀಟರ್, ಎರಡೂ ಒಂದೇ ಸೆಕ್ಟರಿನಲ್ಲಿ. ಅವನು ಮನೆಯಲ್ಲಿ ಮಲಗಿದ್ದರೂ ಸಿಡಿಆರ್ ಹಾಗೇ ಇರುತ್ತಿತ್ತು. ಆ ಚುಕ್ಕೆಯ ಓಡಾಟ ಗ್ರಾಫಿಕ್ಸ್ ಹುಡುಗನ ಕಲ್ಪನೆ. ಅದನ್ನು ತೆಗೆದು, ಸೆಕ್ಟರನ್ನು ತಿಳಿಬಣ್ಣದಲ್ಲಿ ತುಂಬಿ ಎರಡೂ ಮನೆಗಳನ್ನು ಗುರುತಿಸಿದ ನಿಶ್ಚಲ ನಕ್ಷೆ ಹಾಕಿದರು. ನೋಡಲು ಸಪ್ಪೆ, ಆದರೆ ಸರಿ.

ಇದೇ ಜಾಗದಲ್ಲಿ ಇನ್ನೊಂದು ಸಾಲೂ ಹೋಯಿತು. ಸಿಡಿಆರ್ ಜೊತೆ 65ಬಿ ಪ್ರಮಾಣಪತ್ರ, ಅಂದರೆ ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಾದ ದೃಢೀಕರಣ, ಇರಲಿಲ್ಲ. ‘ಇದು ಕಾನೂನುಬಾಹಿರ ಸಾಕ್ಷ್ಯ’ ಎಂದು ಸಂಶೋಧಕ ಬರೆದಿದ್ದ. ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟಿನ 2014ರ ಅನ್ವರ್ ತೀರ್ಪು ಹೇಳಿದೆ ನಿಜ. ಆದರೆ ದಾಖಲೆಯನ್ನು ನಿಶಾನೆ ಮಾಡುವ (ಕೋರ್ಟು ಅದಕ್ಕೆ ಸಂಖ್ಯೆ ಹಾಕಿ ಸಾಕ್ಷ್ಯವಾಗಿ ಗುರುತಿಸುವ) ಹೊತ್ತಿಗೇ ಆಕ್ಷೇಪ ಎತ್ತದಿದ್ದರೆ ಮೇಲ್ಮನವಿಯಲ್ಲಿ ಮೊದಲ ಬಾರಿ ಎತ್ತುವಂತಿಲ್ಲ ಎಂದು 2017ರ ಸೋನು ತೀರ್ಪು ಹೇಳಿದೆ. ಉಚಿತ ಕಾನೂನು ನೆರವಿನಿಂದ ನೇಮಕವಾಗಿದ್ದ ವಕೀಲರು ಆ ದಿನ ಆಕ್ಷೇಪಿಸಿರಲಿಲ್ಲ. ವ್ಯವಸ್ಥೆಯ ಬಗ್ಗೆ ಹೇಳಬೇಕಾದ ಮಾತು ಇಲ್ಲಿ ಬೇರೆಯೇ ಇತ್ತು: ಒಂದು ದಿನದ ಮೌನಕ್ಕೆ ಇಷ್ಟು ಬೆಲೆ. ಅದನ್ನು ಬರೆದರು.

ಮೂರನೆಯದು ಆ ಸಂಬಂಧಿಯ ಸುಳಿವು. ಅದನ್ನು ಚರ್ಚೆಯಿಲ್ಲದೆ ಕತ್ತರಿಸಿದರು. ಒಬ್ಬನ ಮೇಲಿನ ಅನುಮಾನ ಸಡಿಲಿಸಲು ಇನ್ನೊಬ್ಬನ ತಲೆಗೆ ಕಟ್ಟುವುದು ಈ ಪ್ರಕಾರದ ಹಳೇ ಚಾಳಿ. ಆ ಮನುಷ್ಯನಿಗೆ ವಕೀಲನೂ ಇಲ್ಲ, ಪಾಟೀ ಸವಾಲೂ ಇಲ್ಲ.

ಕಾಗದಗಳು

ಆಮೇಲೆ ಏಳು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ದೋಷಾರೋಪಣ ಪಟ್ಟಿಯ ಪ್ರತಿ ಆರೋಪಿಗೆ ಉಚಿತವಾಗಿ ಸಿಗುತ್ತದೆ (ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 207ನೇ ಕಲಂ). ಕುಟುಂಬದವರ ಬಳಿ ಅದು ಪ್ಲಾಸ್ಟಿಕ್ ಚೀಲದಲ್ಲಿತ್ತು, ಕೆಲವು ಪುಟ ಇಲ್ಲ. ಸಾಕ್ಷಿಗಳ ಹೇಳಿಕೆ, ನಿಶಾನೆ, ತೀರ್ಪಿನ ದೃಢೀಕೃತ ನಕಲುಗಳನ್ನು ಮೇಲ್ಮನವಿ ವಕೀಲರ ಮೂಲಕ ಪಡೆದರು. ಒಟ್ಟು 412 ಪುಟ.

ಸಂಶೋಧಕ ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿದ. ಒಂದು ದಾಖಲೆಗೆ ಒಂದು ಸಾಲು. ಕಾಲಂಗಳು ಏಳು: ನಿಶಾನೆ ಸಂಖ್ಯೆ, ದಿನಾಂಕ, ಆರಂಭದ ಹೊತ್ತು, ಮುಗಿದ ಹೊತ್ತು, ಸ್ಥಳ, ಬರೆದವರು, ಸಹಿ ಹಾಕಿದವರು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿದ ಹೊತ್ತಿಗೆ ಬೇರೆ ಬಣ್ಣ. ತೀರ್ಪು ಏನು ಹೇಳಿತು ಎಂಬುದನ್ನು ಬೇಕೆಂದೇ ಸೇರಿಸಲಿಲ್ಲ. ತೀರ್ಪನ್ನು ಮೊದಲು ಓದಿದರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ.

ದಸ್ತಗಿರಿಯ ದಿನದ ಸಾಲುಗಳು ಹೀಗಿದ್ದವು. ಸ್ವಇಚ್ಛಾ ಹೇಳಿಕೆ, ಠಾಣೆಯಲ್ಲಿ, ಬೆಳಿಗ್ಗೆ 9.00ರಿಂದ 10.15. ಮಚ್ಚಿನ ಜಪ್ತಿ ಮಹಜರು, ಮೋರಿಯ ಬಳಿ, 10.45ರಿಂದ 11.45. ಬಳೆಗಳ ಜಪ್ತಿ ಮಹಜರು, ಪಕ್ಕದ ತಾಲ್ಲೂಕಿನ ಗಿರವಿ ಅಂಗಡಿಯಲ್ಲಿ, 12.00ರಿಂದ 12.45. ಎರಡೂ ಮಹಜರಿಗೆ ತನಿಖಾಧಿಕಾರಿ ಒಬ್ಬರೇ, ಬರೆದ ಕಾನ್‌ಸ್ಟೆಬಲ್ ಒಬ್ಬರೇ, ಪಂಚರೂ (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವವರು) ಅದೇ ಇಬ್ಬರು.

ಮೋರಿಯಿಂದ ಗಿರವಿ ಅಂಗಡಿಗೆ 31 ಕಿಲೋಮೀಟರ್. ದಾಖಲೆಯ ಪ್ರಕಾರ ಇಡೀ ಜನ ಅಲ್ಲಿಗೆ ತಲುಪಿದ್ದು 15 ನಿಮಿಷದಲ್ಲಿ. ತಂಡ ಮೂರು ದಿನ, ಅದೇ ಹೊತ್ತಿಗೆ, ಜೀಪಿನಲ್ಲಿ ಓಡಿಸಿ ನೋಡಿತು: 44, 47 ಮತ್ತು 52 ನಿಮಿಷ.

ವಿಚಾರಣೆಯಲ್ಲಿ ಇದು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಎರಡು ಮಹಜರುಗಳು ಕಡತದಲ್ಲಿ 26 ಪುಟ ದೂರದಲ್ಲಿದ್ದವು, ನ್ಯಾಯಾಲಯದಲ್ಲಿ ಅವುಗಳ ಬಗ್ಗೆ ಸಾಕ್ಷ್ಯ ದಾಖಲಾದದ್ದು ಐದು ತಿಂಗಳ ಅಂತರದಲ್ಲಿ. ಪಂಚ ಸಾಕ್ಷಿಯ ಪಾಟೀ ಸವಾಲು ಮೂರೇ ಸಾಲು. ಕೊನೆಯ ಸಾಲು ರಾಜ್ಯದ ಯಾವ ಕೋರ್ಟಿನ ಕಡತ ತೆರೆದರೂ ಸಿಗುವಂಥದ್ದು: ‘ಪೊಲೀಸರ ಒತ್ತಡಕ್ಕೆ ಮಣಿದು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಸುಳ್ಳೇ ಎಂದು ಕೇಳಿದರೆ ಅಲ್ಲ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮೋರಿಯಿಂದ ಎಷ್ಟು ಹೊತ್ತಿಗೆ ಹೊರಟಿರಿ, ಯಾವ ಗಾಡಿ, ಯಾವ ದಾರಿ, ಊಟ ಎಲ್ಲಿ ಮಾಡಿದಿರಿ ಎಂದು ಕೇಳಿದ್ದರೆ ಕಥೆ ಬೇರೆ.

ಅದೇ ಪಂಚ ಮುಖ್ಯ ವಿಚಾರಣೆಯಲ್ಲಿ, ‘ಪೊಲೀಸರು ನನ್ನನ್ನು ಮೋರಿಯ ಹತ್ತಿರಕ್ಕೆ ಕರೆಸಿದರು’ ಎಂದಿದ್ದ. ಅಂದರೆ ಠಾಣೆಯಲ್ಲಿ ಆರೋಪಿ ಏನು ಹೇಳಿದ ಎಂದು ಅವನು ಕೇಳಿಸಿಕೊಂಡೇ ಇಲ್ಲ. ತನಿಖಾಧಿಕಾರಿಯ ಸಾಕ್ಷ್ಯದಲ್ಲೂ ಆರೋಪಿಯ ನಿಖರ ಮಾತುಗಳಿಲ್ಲ, ‘ಹೇಳಿಕೆ ನೀಡಿ ಮಚ್ಚನ್ನು ತೋರಿಸಿಕೊಟ್ಟನು’ ಎಂದಷ್ಟೇ ಇದೆ. ಸುಪ್ರೀಂ ಕೋರ್ಟ್ 2022ರ ಅಕ್ಟೋಬರಿನಲ್ಲಿ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸರಿಯಾಗಿ ಈ ಎರಡು ಕೊರತೆಗಳ ಮೇಲೆ ಬೆರಳಿಟ್ಟಿತು. ಸ್ವತಂತ್ರ ಪಂಚರನ್ನು ಮೊದಲೇ ಠಾಣೆಗೆ ಕರೆಸಿ ಅವರ ಎದುರು ಹೇಳಿಕೆ ಪಡೆಯಬೇಕು, ಆ ಮಾತುಗಳನ್ನು ಸಾಕ್ಷ್ಯದಲ್ಲಿ ಹೇಳಿ ರುಜುವಾತು ಮಾಡಬೇಕು.

ಕೊಡುವುದೋ, ಮೊದಲು ತೋರಿಸುವುದೋ

15 ನಿಮಿಷದ ಪತ್ತೆ ಸಾಕ್ಷ್ಯಚಿತ್ರಕ್ಕೆ ಹಬ್ಬದಂಥ ವಿಷಯ. ಕೂಡಲೇ ಬಿಡುಗಡೆ ಮಾಡೋಣ ಎಂದು ಸಂಕಲನಕಾರ ಪಟ್ಟು ಹಿಡಿದ. ಅಡ್ಡಿಯಾದದ್ದು 1971ರ ನ್ಯಾಯಾಂಗ ನಿಂದನೆ ಕಾಯ್ದೆ. ಅದರ 3ನೇ ಕಲಂ ಪ್ರಕಾರ ಕ್ರಿಮಿನಲ್ ಕೇಸು ಮೇಲ್ಮನವಿ ಇತ್ಯರ್ಥವಾಗುವ ತನಕ ‘ಬಾಕಿ’ಯೇ. ಬಾಕಿ ಇರುವುದು ಗೊತ್ತಿರಲಿಲ್ಲ ಎಂಬವರಿಗೆ ರಕ್ಷಣೆಯಿದೆ, ಈ ತಂಡಕ್ಕೆ ಚೆನ್ನಾಗಿ ಗೊತ್ತಿತ್ತು. ಅಂತಿಮವಾಗಿ ತೀರ್ಮಾನವಾದ ಕೇಸಿನ ಗುಣಾವಗುಣದ ಬಗ್ಗೆ ನ್ಯಾಯಯುತ ವಿಮರ್ಶೆಗೆ 5ನೇ ಕಲಂನಲ್ಲಿ ಅವಕಾಶವಿದೆ.

ನಿರ್ದೇಶಕಿ ಬಿಡುಗಡೆಯನ್ನು ಮುಂದೂಡಿ, ಸ್ಪ್ರೆಡ್‌ಶೀಟನ್ನು ಮೇಲ್ಮನವಿ ವಕೀಲರಿಗೆ ಒಪ್ಪಿಸಿದರು. ವಕೀಲರು ಜೀಪಿನ ಪ್ರಯೋಗದ ಹಾಳೆಯನ್ನು ಪಕ್ಕಕ್ಕಿಟ್ಟರು. ಅದು ಹೊಸ ಸಾಕ್ಷ್ಯ. ಅದನ್ನು ತರಬೇಕಾದರೆ ದಂಡ ಪ್ರಕ್ರಿಯಾ ಸಂಹಿತೆಯ 391ನೇ ಕಲಂ ಅರ್ಜಿ, ಆಕ್ಷೇಪಣೆ, ತಿಂಗಳುಗಟ್ಟಲೆ ತಡ. ಮಹಜರಿನ ಹೊತ್ತುಗಳು ಆಗಲೇ ಕಡತದೊಳಗೇ ಇವೆ, ಪುಟ ಸಂಖ್ಯೆ ತೋರಿಸಿದರೆ ಸಾಕು. ತಂಡ ಅತಿ ಹೆಮ್ಮೆಪಟ್ಟ ಕೆಲಸ ಕೋರ್ಟಿಗೆ ಬೇಕಾಗಲೇ ಇಲ್ಲ.

ಲೆಡ್ಜರ್

ಮೊದಲ ಕಟ್‌ನಲ್ಲಿ ಗಿರವಿ ಅಂಗಡಿಯ ಲೆಡ್ಜರ್ ಇರಲೇ ಇಲ್ಲ. ‘ತಲೆ ಕೆಡಿಸುತ್ತೆ’ ಎಂದು ಬಿಟ್ಟಿದ್ದರು. ಅದು ಚಾಲಕನ ವಿರುದ್ಧದ ಅತಿ ಗಟ್ಟಿ ದಾಖಲೆ. ಕೊಲೆಯ ಮರುದಿನದ ದಿನಾಂಕ, ಎರಡು ಬಳೆ, 28.4 ಗ್ರಾಂ, 48,000 ರೂಪಾಯಿ, ಅವನ ಫೋನ್ ನಂಬರು, ಅವನ ಸಹಿ. ಹಿಂದೆ ಮುಂದಿನ ನಮೂದುಗಳು ಕ್ರಮವಾಗಿದ್ದವು, ಆಮೇಲೆ ತುರುಕಿದಂತೆ ಕಾಣುತ್ತಿರಲಿಲ್ಲ. ಮಹಜರು ಪೂರ್ತಿ ಬಿದ್ದುಹೋದರೂ ಈ ಪುಟ ನಿಲ್ಲುತ್ತದೆ.

ಬಳೆ ತನ್ನ ಹೆಂಡತಿಯದು ಎಂದು ಚಾಲಕ ಹೇಳಿದ್ದ. ಹೆಂಡತಿ ತಾವಾಗಿಯೇ ಮದುವೆಯ ಫೋಟೊ ತಂದುಕೊಟ್ಟರು, ‘ನೋಡಿ ಮೇಡಂ, ಕೈಯಲ್ಲಿ ಬಳೆ ಇದೆ ಅಲ್ವಾ’ ಎಂದು. ಬಳೆ ಇದ್ದವು. ದೊಡ್ಡದು ಮಾಡಿ ನೋಡಿದರೆ ಅವು ನುಣುಪಾದ ಬಳೆ; ಕೋರ್ಟಿನಲ್ಲಿದ್ದ ಬಳೆಗಳಿಗೆ ಅಂಚಿನುದ್ದಕ್ಕೂ ಹೂವಿನ ಕೆತ್ತನೆ. ತಂಡದೊಳಗೆ ಎರಡು ದಿನ ಜಗಳವಾಯಿತು. ನಂಬಿ ಕೊಟ್ಟ ಫೋಟೊವನ್ನು ಕೊಟ್ಟವರ ವಿರುದ್ಧವೇ ಹೇಗೆ ತೋರಿಸುವುದು ಎಂಬುದು ಒಂದು ವಾದ. ತೋರಿಸದೆ ‘ಬಳೆ ಹೆಂಡತಿಯದು’ ಎಂಬ ಮಾತನ್ನು ಮಾತ್ರ ಕೇಳಿಸಿದರೆ ಅದು ಸುಳ್ಳು ಎಂಬುದು ಇನ್ನೊಂದು. ಕೊನೆಗೆ ಫೋಟೊವನ್ನೂ ಬಿಟ್ಟರು, ಬಳೆ ಯಾರದೆಂಬ ಅವರ ಮಾತನ್ನೂ ಬಿಟ್ಟರು. ಲೆಡ್ಜರ್ ಪುಟವನ್ನು ಮಾತ್ರ ಮೂರನೇ ಕಂತಿನ ಮೊದಲ ಐದು ನಿಮಿಷದೊಳಗೆ ತಂದರು, ‘ಈ ನಮೂದಿಗೆ ಚಾಲಕನ ಕಡೆಯಿಂದ ಸಾಬೀತಾದ ಉತ್ತರವಿಲ್ಲ’ ಎಂಬ ಒಂದು ಸಾಲಿನೊಂದಿಗೆ. ಇದು ಅರ್ಧ ದಾರಿಯ ಪರಿಹಾರ ಎಂಬ ಟೀಕೆಗೆ ಉತ್ತರ ಕೊಡುವುದು ಕಷ್ಟ. ಲೆಡ್ಜರನ್ನು ಮರೆಮಾಚಿದ್ದರೆ ಚಿತ್ರವೇ ಕುಸಿಯುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಮೃತರ ಮಗಳು ಶವ ಮಹಜರಿನ ಫೋಟೊ ಬಳಸಬೇಡಿ ಎಂದು ಕೇಳಿಕೊಂಡರು. ಒಂದನ್ನೂ ಬಳಸಲಿಲ್ಲ. ನಿವೃತ್ತರಾಗಿದ್ದ ತನಿಖಾಧಿಕಾರಿ ಕ್ಯಾಮೆರಾ ಮುಂದೆ ಬರಲು ಒಪ್ಪಲಿಲ್ಲ. ಅವರಿಗೆ 11 ಪ್ರಶ್ನೆಗಳನ್ನು, ಪ್ರತಿಯೊಂದಕ್ಕೂ ಸಂಬಂಧಿಸಿದ ಪುಟದ ನಕಲು ಸೇರಿಸಿ, 21 ದಿನ ಗಡುವು ಕೊಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಒಂದೂವರೆ ಪುಟದ ಉತ್ತರ ಬಂತು. ಹೊತ್ತು ಅಂದಾಜಿನಲ್ಲಿ ಬರೆದದ್ದು, ಆ ವಾರ ಬಂದೋಬಸ್ತಿಗೆ ಸಿಬ್ಬಂದಿ ಹೋಗಿ ಠಾಣೆಯಲ್ಲಿ ಆರೇ ಜನ ಇದ್ದರು, ಆರೋಪಿ ಅವನೇ ಎಂಬುದರಲ್ಲಿ ತಮಗೆ ಸಂಶಯವಿಲ್ಲ ಎಂದು. ಒಂದು ಪದವನ್ನೂ ಬಿಡದೆ ಓದಿಸಿದರು.

ಆದದ್ದು

2023ರ ಆರಂಭದಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಮಚ್ಚಿನ ಪತ್ತೆ ಸಾಬೀತಾಗಿಲ್ಲ, ಎರಡು ಮಹಜರುಗಳ ಹೊತ್ತು ಒಂದಕ್ಕೊಂದು ಹೊಂದುವುದಿಲ್ಲ, ಸಿಡಿಆರ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ ಎಂದು ಹೇಳಿ 302 ಮತ್ತು 392ರ ಶಿಕ್ಷೆ ರದ್ದು ಮಾಡಿತು. ಲೆಡ್ಜರ್ ಮಾತ್ರ ಉಳಿಯಿತು. ಕಳವಾದ ಒಡವೆ ಬಳಿಯಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಕೊಲೆಯನ್ನೂ ಅವನೇ ಮಾಡಿದ ಎನ್ನಲಾಗದು ಎಂಬುದು 1950ರ ದಶಕದ ಸನ್ವತ್ ಖಾನ್ ತೀರ್ಪಿನಿಂದಲೂ ಇರುವ ಮಾತು. 411ನೇ ಕಲಂ, ಅಂದರೆ ಕಳವು ಮಾಲು ಇಟ್ಟುಕೊಂಡ ಅಪರಾಧಕ್ಕೆ, ಗರಿಷ್ಠ ಶಿಕ್ಷೆಯಾದ ಮೂರು ವರ್ಷ ವಿಧಿಸಿತು. ಅವನು ಆಗಲೇ ಸುಮಾರು ಏಳು ವರ್ಷ ಒಳಗಿದ್ದ. ಮರುದಿನ ಹೊರಗೆ ಬಂದ.

ಮೊದಲ ಕಟ್‌ನ ‘ಅಮಾಯಕ’ ಎಂಬ ಪದ ಹೀಗೆ ಪೂರ್ತಿ ತಪ್ಪಾಗುತ್ತಿತ್ತು. ಅಂತಿಮ ಚಿತ್ರ ಕೇಳಿದ್ದು, ಕೊಲೆ ಕಾನೂನು ಬಯಸುವ ರೀತಿಯಲ್ಲಿ ಸಾಬೀತಾಯಿತೇ ಎಂಬುದನ್ನು ಮಾತ್ರ. ಆ ಪ್ರಶ್ನೆಗೆ ಚಿತ್ರದಲ್ಲಿ ಕೊಟ್ಟ ಉತ್ತರ ತೀರ್ಪು ಬಂದ ಮೇಲೆ ತಿದ್ದಬೇಕಾಗಲಿಲ್ಲ.

ಏಪ್ರಿಲಿನಲ್ಲಿ ಬಿಡುಗಡೆಯಾದ ದಿನವೇ ಒಂದು ಎಡವಟ್ಟಾಯಿತು. ಹೆಸರುಗಳನ್ನು ಮರೆಸಿದ್ದರು, ಮುಖಗಳನ್ನು ಮಸುಕು ಮಾಡಿದ್ದರು, ಆಟೊದ ನಂಬರ್ ಪ್ಲೇಟ್ ಅಳಿಸಿದ್ದರು. ಎರಡನೇ ಕಂತಿನ ಡ್ರೋನ್ ದೃಶ್ಯದಲ್ಲಿ ನಾಲ್ಕು ಸೆಕೆಂಡು ಕಾಣುವ ಓವರ್‌ಹೆಡ್ ಟ್ಯಾಂಕಿನ ಮೇಲೆ ಗ್ರಾಮ ಪಂಚಾಯಿತಿಯ ಹೆಸರು ದಪ್ಪಕ್ಷರದಲ್ಲಿತ್ತು. ಎರಡೇ ಗಂಟೆಯಲ್ಲಿ ವೀಕ್ಷಕರು ಊರು ಹಿಡಿದರು, ಸಂಜೆಗೆ ಆ ಸಂಬಂಧಿಯ ಹೆಸರೂ ಹರಿದಾಡಿತು, ಚಿತ್ರದಲ್ಲಿ ಅವನ ಪ್ರಸ್ತಾಪವೇ ಇಲ್ಲದಿದ್ದರೂ. ಐದು ಗಂಟೆಯೊಳಗೆ ಕಂತನ್ನು ತೆಗೆದು, ತಿದ್ದಿ ಮತ್ತೆ ಹಾಕಿದರು. ಹರಡಿದ್ದನ್ನು ವಾಪಸು ತರಲಾಗಲಿಲ್ಲ. ಗುರುತು ಮರೆಸುವ ಪರಿಶೀಲನೆಯನ್ನು ಆ ಊರು ಗೊತ್ತಿಲ್ಲದ ಒಬ್ಬರಿಗೆ ಒಪ್ಪಿಸಿ, ಶಬ್ದ ಬಂದ್ ಮಾಡಿ, ಒಂದೊಂದೇ ಫ್ರೇಮ್ ನೋಡಿಸಬೇಕು. ತಂಡದವರ ಕಣ್ಣಿಗೆ ಟ್ಯಾಂಕು ಬರೀ ಟ್ಯಾಂಕು.

ಇಂಥ ಕೆಲಸಕ್ಕೆ ಈಗ ಇಳಿಯುವವರಿಗೆ ಕಾನೂನಿನ ನೆಲವೂ ಸ್ವಲ್ಪ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು ಎನ್ನುತ್ತದೆ. ಹಾಗಾಗಿ ಮಹಜರಿನ ಜೊತೆ ವಿಡಿಯೊ ಫೈಲನ್ನೂ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರದಲ್ಲಿ ನಮೂದಾದ ಹ್ಯಾಶ್ ಮೌಲ್ಯವನ್ನೂ (ಫೈಲು ತಿದ್ದಿದರೆ ಬದಲಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ) ಕೇಳಿ ಪಡೆಯಬೇಕು, ಕೈಗೆ ಬಂದ ಫೈಲಿನ ಹ್ಯಾಶ್ ಅದಕ್ಕೆ ಹೊಂದುತ್ತದೆಯೇ ನೋಡಬೇಕು. ಹಳೇ 27ನೇ ಕಲಂ ಈಗ ಅದೇ ಅಧಿನಿಯಮದ 23ನೇ ಕಲಂನ ಪರಂತುಕ (ವಿನಾಯಿತಿ ಹೇಳುವ ಷರತ್ತು) ಆಗಿದೆ. ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ; ವಿಚಾರಣೆ ಶುರುವಾಗುವ ಹೊತ್ತಿಗೆ ಆ ಅವಧಿ ಎಷ್ಟೋ ಸಲ ಮುಗಿದಿರುತ್ತದೆ. ಅದನ್ನು ಕಾಯ್ದಿರಿಸಲು ಅರ್ಜಿ ಹಾಕಬೇಕಾದವರು ಆರೋಪಿಯ ವಕೀಲರು, ಅದೂ ರಿಮಾಂಡಿನ ದಿನಗಳಲ್ಲೇ.

ಕೊಲೆಯ ತನಿಖೆ ಮತ್ತೆ ತೆರೆಯಲಿಲ್ಲ. ಬಳೆಗಳನ್ನು ಮೃತರ ಮಗಳಿಗೆ ಕೊಡುವಂತೆ ಹೈಕೋರ್ಟ್ ಆದೇಶಿಸಿತ್ತು. ಮುದ್ದೆಮಾಲು (ಜಪ್ತಿಯಾದ ವಸ್ತುಗಳ) ಗುಮಾಸ್ತರು ಅರಗಿನ ಮುದ್ರೆಯ ಕಂದು ಲಕೋಟೆ ಒಡೆದು, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ, ರಿಜಿಸ್ಟರಿನಲ್ಲಿ ಮಗಳ ಸಹಿ ಪಡೆದರು: 28.4 ಗ್ರಾಂ. ಮಗಳು ಸರದ ಬಗ್ಗೆ ವಿಚಾರಿಸಿದರು. ಅದಕ್ಕೆ ರಿಜಿಸ್ಟರಿನಲ್ಲಿ ಸಾಲೇ ಇರಲಿಲ್ಲ.